ಬೀಸುಕಲ್ಲು ಮತ್ತು ಝಿಕ್ರ್: ನಿತ್ಯ ಬದುಕಿನಲ್ಲಿ ಧ್ಯಾನ

ಪ್ರತಿ ವರ್ಷ ಜೂನ್ 21 ಸಮೀಪಿಸುತ್ತಿದ್ದಂತೆ ವಿಜಯಪುರದ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಶಾಲೆಯಲ್ಲಿ ಯೋಗ ದಿನಾಚರಣೆಯ ತಯಾರಿ ನಡೆದಿರುತ್ತದೆ. ಕಣ್ಣು ಮುಚ್ಚಿ ಕುಳಿತು, ಉಸಿರನ್ನು ಗಮನಿಸಿ ಬಂದ ಮಗು ಚೀಲ ಇಳಿಸುತ್ತಲೇ ಕೇಳುತ್ತದೆ: "ಅಬ್ಬಾ, ನಮ್ಮೊಳಗ ಧ್ಯಾನ ಇಲ್ಲೇನ್ರಿ?"

ಈ ಪ್ರಶ್ನೆಗೆ ನಮ್ಮ ಸಮುದಾಯದಲ್ಲಿ ಎರಡು ಉತ್ತರಗಳು ಸಿದ್ಧವಾಗಿವೆ. 'ಅದು ನಮ್ಮದಲ್ಲ, ಆ ಗೊಡವೆ ನಮಗೆ ಬೇಡ' ಎಂಬುದು ಒಂದು. 'ನಮಾಝೇ ನಮ್ಮ ಧ್ಯಾನ, ಬೇರೇನು ಬೇಕು' ಎಂಬುದು ಇನ್ನೊಂದು. ಮೊದಲನೆಯ ಉತ್ತರ ಮಗುವಿನ ಬಾಯಿ ಮುಚ್ಚಿಸುತ್ತದೆ, ತಿಳಿವಳಿಕೆ ಕೊಡುವುದಿಲ್ಲ. ಎರಡನೆಯದು ಸತ್ಯವೇ, ಆದರೆ ಮಗ್ರಿಬ್‌ನ ಮೂರು ರಕಅತ್‌ಗಳನ್ನು ನಾಲ್ಕು ನಿಮಿಷದೊಳಗೆ ಮುಗಿಸಿ, ಸಲಾಮ್ ಹೇಳುವ ಮುನ್ನವೇ ಮೊಬೈಲಿನತ್ತ ಮನಸ್ಸು ಹರಿಸಿರುವ ಹಿರಿಯರನ್ನು ದಿನವೂ ನೋಡುವ ಮಗು ಅದನ್ನು ಹೇಗೆ ನಂಬಬೇಕು?

ನಮ್ಮ ನಗರಕ್ಕೆ ಧ್ಯಾನ ಹೊಸ ಮಾತಲ್ಲ. ಈಗಿನ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ಇಲ್ಲಿನ ಜ್ಞಾನಯೋಗಾಶ್ರಮದಲ್ಲಿ ನೆಲೆಸಿದ್ದ ಸಿದ್ಧೇಶ್ವರ ಸ್ವಾಮೀಜಿಯವರು ಮನಸ್ಸಿನ ಶಾಂತಿಯ ಕುರಿತು ದಶಕಗಳ ಕಾಲ ಕನ್ನಡದಲ್ಲಿ ಪ್ರವಚನ ಮಾಡಿದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಎಲ್ಲ ಸಮುದಾಯದವರೂ ದುಃಖಿಸಿದರು. ನೆರೆಯವರ ದಾರಿಯನ್ನು ಗೌರವದಿಂದ ಕಾಣುವುದು ನಮ್ಮ ನಡತೆ. ಆದರೆ ನಮ್ಮ ಸ್ವಂತ ಮನೆಯ ಪೆಟ್ಟಿಗೆಯಲ್ಲಿ ಏನಿದೆ ಎಂಬುದನ್ನು ಮಕ್ಕಳಿಗೆ ತೆರೆದು ತೋರಿಸುವ ಹೊಣೆಯೂ ನಮ್ಮದೇ ಅಲ್ಲವೇ?

ಪೆಟ್ಟಿಗೆಯಲ್ಲಿ ಮೊದಲು ಸಿಗುವುದು ಕೆಲವು ಶಬ್ದಗಳು. ಝಿಕ್ರ್ ಎಂದರೆ ಸ್ಮರಣೆ; ತಫಕ್ಕುರ್ ಎಂದರೆ ಸೃಷ್ಟಿಯ ಕುರಿತ ಚಿಂತನೆ; ಖುಶೂ ಎಂದರೆ ಹೃದಯ ಬಾಗಿ ನಿಲ್ಲುವುದು. ಮುರಾಖಬಾ ಎಂಬ ಶಬ್ದದ ಬೇರಿನಲ್ಲಿ ಕಾವಲು ಕಾಯುವ ಅರ್ಥವಿದೆ. ಅಲ್ಲಾಹನ ನಾಮಗಳಲ್ಲಿ 'ಅರ್ರಖೀಬ್' ಎಂಬುದೂ ಒಂದು: ಸದಾ ನೋಡುತ್ತಿರುವವನು. ಅವನು ನೋಡುತ್ತಿದ್ದಾನೆಂಬ ಅರಿವಿನಲ್ಲಿ ದಾಸನು ತನ್ನ ಹೃದಯದ ಬಾಗಿಲಲ್ಲಿ ಕಾವಲು ಕೂರುವುದೇ ಮುರಾಖಬಾ. ಬಗ್ದಾದಿನಲ್ಲಿ 857ರಲ್ಲಿ ನಿಧನರಾದ ಹಾರಿಸ್ ಎಂಬ ವಿದ್ವಾಂಸರು ತಮ್ಮ ಮನಸ್ಸಿನ ಲೆಕ್ಕವನ್ನು ಎಷ್ಟು ಕಟ್ಟುನಿಟ್ಟಾಗಿ ಇಡುತ್ತಿದ್ದರೆಂದರೆ, ಮುಹಾಸಬಾ ಅಂದರೆ ಆತ್ಮವಿಚಾರಣೆ ಎಂಬ ಮಾತಿನಿಂದಲೇ ಅವರಿಗೆ ಮುಹಾಸಿಬೀ ಎಂಬ ಹೆಸರು ಬಂತು. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ ಉಲೂಮಿದ್ದೀನ್' ಗ್ರಂಥದಲ್ಲಿ ಮುರಾಖಬಾ ಮತ್ತು ಮುಹಾಸಬಾಕ್ಕೆ ಒಂದು ಭಾಗವನ್ನೂ ತಫಕ್ಕುರ್‌ಗೆ ಮತ್ತೊಂದು ಭಾಗವನ್ನೂ ಮೀಸಲಿಟ್ಟರು. ಇದೆಲ್ಲ ಸೂಫಿಗಳ ಮಾತು ಎಂದು ಹಿಂಜರಿಯುವವರಿಗೆ ಒಂದು ಸಂಗತಿಯನ್ನು ನೆನಪಿಸಬೇಕು: ದಮಾಸ್ಕಸ್‌ನ ಇಮಾಮ್ ಇಬ್ನುಲ್ ಖಯ್ಯಿಮ್ ಅವರೂ ಮುರಾಖಬಾದ ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ದರ್ಗಾಕ್ಕೆ ಹೋಗುವವರು, ಹೋಗದವರು ಇಬ್ಬರಿಗೂ ಇದು ಸಮಾನ ಆಸ್ತಿ.

ಇಲ್ಲಿ ಒಂದು ವ್ಯತ್ಯಾಸವನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ಮನಸ್ಸನ್ನು ಖಾಲಿ ಮಾಡುವುದೇ ಧ್ಯಾನ ಎಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತದೆ. ನಮ್ಮ ಪರಂಪರೆಯಲ್ಲಿ ಗುರಿ ಖಾಲಿತನವಲ್ಲ, ಸನ್ನಿಧಿ. ಜಿಬ್ರೀಲ್(ಅ) ಅವರು ಮನುಷ್ಯ ರೂಪದಲ್ಲಿ ಬಂದು ಪ್ರಶ್ನೆ ಕೇಳಿದ ಪ್ರಸಿದ್ಧ ಹದೀಸಿನಲ್ಲಿ 'ಇಹ್ಸಾನ್' ಎಂದರೇನೆಂಬುದಕ್ಕೆ ಪ್ರವಾದಿವರ್ಯರು(ಸ) ಕೊಟ್ಟ ಉತ್ತರದ ತಿರುಳು ಇದೇ: ಅಲ್ಲಾಹನನ್ನು ಕಾಣುತ್ತಿರುವೆವೋ ಎಂಬಂತೆ ಆರಾಧಿಸುವುದು, ನಾವು ಅವನನ್ನು ಕಾಣದಿದ್ದರೂ ಅವನು ನಮ್ಮನ್ನು ಕಾಣುತ್ತಿದ್ದಾನೆಂದು ಅರಿಯುವುದು. ಇದಕ್ಕೆ ವಿಶೇಷ ಆಸನ ಬೇಕಿಲ್ಲ. ಸೂರಃ ಆಲಿ ಇಮ್ರಾನ್‌ನ 191ನೆಯ ವಚನ ಬುದ್ಧಿವಂತರನ್ನು ವರ್ಣಿಸುವಾಗ ನಿಂತಿರುವ, ಕುಳಿತಿರುವ, ಮಲಗಿರುವ ಮೂರೂ ಸ್ಥಿತಿಗಳ ಸ್ಮರಣೆಯನ್ನು ಹೇಳುತ್ತದೆ. ಅದರ ಜೊತೆಗೇ ಆಕಾಶ ಭೂಮಿಗಳ ಸೃಷ್ಟಿಯ ಕುರಿತ ಚಿಂತನೆಯನ್ನು ಸೇರಿಸುತ್ತದೆ. ಮನುಷ್ಯನ ದಿನದಲ್ಲಿ ಈ ಮೂರು ಸ್ಥಿತಿಗಳ ಹೊರತು ಉಳಿಯುವುದಾದರೂ ಏನು?

ಹಿರಾ ಗುಹೆಯ ಏಕಾಂತವನ್ನು ನಾವೆಲ್ಲ ಬಲ್ಲೆವು. ಆದರೆ ಪ್ರವಾದಿತ್ವದ ನಂತರ ಆ ಏಕಾಂತ ಎಲ್ಲಿಗೆ ಹೋಯಿತೆಂಬುದನ್ನು ಅಷ್ಟಾಗಿ ಯೋಚಿಸುವುದಿಲ್ಲ. ಮದೀನಾದಲ್ಲಿ ಅದು ಮಸೀದಿಯೊಳಕ್ಕೆ ಬಂತು: ರಮಝಾನಿನ ಕೊನೆಯ ಹತ್ತು ದಿನಗಳ ಇಅ್ತಿಕಾಫ್ ಆಗಿ, ಜನರ ನಡುವೆ, ಊರಿನ ಹೃದಯದಲ್ಲಿ. ಇನ್ನು ರಾತ್ರಿಯ ಏಕಾಂತ ಮನೆಯೊಳಗೇ, ಮಡದಿ ಮಲಗಿರುವ ಚಿಕ್ಕ ಕೋಣೆಯಲ್ಲೇ ನಡೆಯಿತು. ಇಸ್ಲಾಮಿನ ಧ್ಯಾನ ಸಂಸಾರದ ನಡುವಿನ ಧ್ಯಾನ ಎಂಬುದು ಇಲ್ಲಿಂದಲೇ ತಿಳಿಯುತ್ತದೆ.

ವಿಜಯಪುರದ ಜಾಮಿಯಾ ಮಸೀದಿಗೆ ಹೋದವರು ಅಲ್ಲಿನ ನೆಲವನ್ನು ಗಮನಿಸಿರುತ್ತಾರೆ. ಒಂದನೆಯ ಅಲಿ ಆದಿಲ್ ಶಾಹನು 1576ರ ಸುಮಾರಿಗೆ ಆರಂಭಿಸಿದ ಆ ಮಸೀದಿಯ ನೆಲದಲ್ಲಿ ಒಬ್ಬೊಬ್ಬ ನಮಾಝಿಗೆ ಒಂದೊಂದು ಎಂಬಂತೆ ಎರಡು ಸಾವಿರಕ್ಕೂ ಹೆಚ್ಚು ಚೌಕಟ್ಟುಗಳನ್ನು ಗುರುತಿಸಲಾಗಿದೆ. ದೇಹಕ್ಕೆ ಅಷ್ಟು ಸ್ಪಷ್ಟವಾದ ಜಾಗ! ದೇಹ ಆ ಗೆರೆಗಳೊಳಗೆ ನಿಂತಿರುತ್ತದೆ. ಮನಸ್ಸು ಮಾತ್ರ ಮಾರುಕಟ್ಟೆಯ ಪೇಟೆ ಧಾರಣೆಯಿಂದ ಹಿಡಿದು ಮಗಳ ಪರೀಕ್ಷೆಯ ಫಲಿತಾಂಶದವರೆಗೆ ಸುತ್ತಿ ಬರುತ್ತದೆ. ಒಬ್ಬ ವ್ಯಕ್ತಿ ಅವಸರದಲ್ಲಿ ನಮಾಝ್ ಮುಗಿಸಿ ಬಂದು ಸಲಾಮ್ ಹೇಳಿದಾಗ, ಅವರ ನಮಾಝ್ ಆಗಿಲ್ಲವೆಂದೂ ಮರಳಿ ಹೋಗಿ ಮಾಡಬೇಕೆಂದೂ ಪ್ರವಾದಿವರ್ಯರು(ಸ) ಮೂರು ಸಲ ಕಳಿಸಿದ ಘಟನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಕೊನೆಗೆ ಅವರಿಗೆ ಕಲಿಸಿದ್ದು ಹೊಸ ದುಆ ಅಲ್ಲ, ನೆಮ್ಮದಿ: ರುಕೂಅ್‌ನಲ್ಲಿ ಅಂಗಾಂಗಗಳು ಶಾಂತವಾಗುವವರೆಗೆ ನಿಲ್ಲುವುದು, ಎದ್ದಾಗ ನೆಟ್ಟಗೆ ನಿಲ್ಲುವುದು, ಸಜ್ದಾದಲ್ಲಿ ತಣ್ಣಗಾಗುವವರೆಗೆ ಇರುವುದು. ಆ ವ್ಯಕ್ತಿಗೆ ಪ್ರವಾದಿವರ್ಯರು(ಸ) 'ಏಕಾಗ್ರತೆ ಸಾಧಿಸು' ಎಂದು ಉಪದೇಶಿಸಲಿಲ್ಲ. ದೇಹವನ್ನು ನಿಧಾನಗೊಳಿಸಲು ಹೇಳಿದರು. ದೇಹ ನಿಂತರೆ ಮನಸ್ಸು ನಿಲ್ಲಲು ಒಂದು ಜಾಗ ದೊರೆಯುತ್ತದೆ ಎಂಬುದು ನಮ್ಮ ಅನುಭವಕ್ಕೂ ಬಂದಿದೆ.

ದಿನದ ಫರ್ಝ್ ನಮಾಝ್‌ಗಳಲ್ಲಿ 17 ರಕಅತ್, ಅಂದರೆ 34 ಸಜ್ದಾ. ಒಂದೊಂದು ಸಜ್ದಾದಲ್ಲಿ ತಸ್ಬೀಹನ್ನು ಒಂದೊಂದು ಉಸಿರಿಗೆ ಒಂದರಂತೆ ಮೂರು ಸಲ ಹೇಳಿದರೆ ಎಷ್ಟು ಹೆಚ್ಚು ಸಮಯ ಹಿಡಿಯುತ್ತದೆಂದು ನಮ್ಮ ಮನೆಯ ಮಕ್ಕಳು ಗಡಿಯಾರ ಇಟ್ಟು ನೋಡಿದರು. ಇಡೀ ದಿನಕ್ಕೆ ಸೇರಿಸಿದರೂ ಒಂದು ಲೋಟ ಚಹಾ ಕುಡಿಯುವಷ್ಟೇ ಹೊತ್ತು! ಇದರೊಂದಿಗೆ ಇನ್ನೊಂದು ಕೆಲಸವನ್ನೂ ನಾವು ಮಾಡಿದೆವು. ಸೂರಃ ಅಲ್ ಫಾತಿಹಾದ ಏಳು ವಚನಗಳ ಕನ್ನಡ ಅರ್ಥವನ್ನು ಮನೆಯ ಪ್ರತಿಯೊಬ್ಬರೂ ವಾರಕ್ಕೆ ಒಂದು ವಚನದಂತೆ ಕಲಿತರು. ಅರಬಿಯ ಶಬ್ದ ನಾಲಿಗೆಗೆ ಬಂದಾಗ ಕನ್ನಡದ ಅರ್ಥ ಎದೆಗೆ ಬರಬೇಕು. ಅಷ್ಟಾದರೆ ಮನಸ್ಸಿಗೆ ಮಾಡಲು ಕೆಲಸ ಸಿಗುತ್ತದೆ. ಕೆಲಸವಿದ್ದ ಮನಸ್ಸು ಕಡಿಮೆ ಅಲೆಯುತ್ತದೆ.

ಇನ್ನು ನಮಾಝಿನ ಹೊರಗಿನ ಇಪ್ಪತ್ತಕ್ಕೂ ಹೆಚ್ಚು ಗಂಟೆಗಳ ಮಾತು. ಇಲ್ಲಿಯೇ ನಮ್ಮ ಊರು ನಮಗೆ ಒಂದು ಅಪರೂಪದ ಉತ್ತರಾಧಿಕಾರವನ್ನು ಬಿಟ್ಟಿದೆ. ಅದನ್ನು ನಮ್ಮ ಮಕ್ಕಳಿರಲಿ, ಹಿರಿಯರೇ ಬಹುಪಾಲು ಮರೆತಿದ್ದಾರೆ.

ಕೋಟೆಯ ಹೊರಗೆ ಶಾಹಪುರದ ದಿಬ್ಬದಲ್ಲಿ ಚಿಶ್ತಿ ಪರಂಪರೆಯ ಸೂಫಿಗಳ ಒಂದು ಕುಟುಂಬ ನೆಲೆಸಿತ್ತು. ಶಾಹ್ ಮೀರಾಂಜಿ ಶಂಸುಲ್ ಉಶ್ಶಾಖ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ. ಆಸ್ಥಾನದ ಭಾಷೆ ಪಾರ್ಸಿಯಾಗಿದ್ದ ಕಾಲದಲ್ಲಿ ಇವರು ಜನ ಮನೆಯಲ್ಲಿ ಆಡುವ ದಖನಿಯಲ್ಲಿ ಬರೆದರು. ಅವರ ಮತ್ತು ಅವರ ಶಿಷ್ಯ ಪರಂಪರೆಯವರ ಬರಹಗಳಲ್ಲಿ 'ಚಕ್ಕೀನಾಮಾ', 'ಚರಖಾನಾಮಾ' ಎಂಬ ಹಾಡುಗಳ ಒಂದು ಬಗೆಯಿದೆ. ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸು, ರಾಟೆಯ ಮುಂದೆ ಕುಳಿತ ಹೆಂಗಸು ಕೆಲಸ ಮಾಡುತ್ತಲೇ ಹಾಡಿಕೊಳ್ಳಲೆಂದು ಕಟ್ಟಿದ ಹಾಡುಗಳವು. ಕಲ್ಲಿನ ನೆಟ್ಟನೆಯ ಹಿಡಿಕೆಯಲ್ಲಿ ಅಲಿಫ್ ಅಕ್ಷರದ ಆಕಾರವನ್ನು ಕಾಣಿಸಿ ಅಲ್ಲಾಹನ ಏಕತ್ವವನ್ನು ನೆನಪಿಸುವುದು, ರಾಟೆ ತಿರುಗುವ ಲಯಕ್ಕೆ ಝಿಕ್ರ್ ಹೊಂದಿಸುವುದು ಇವುಗಳ ರೀತಿ. ಇತಿಹಾಸಕಾರ ರಿಚರ್ಡ್ ಈಟನ್ ಅವರು 1978ರಲ್ಲಿ ಪ್ರಕಟವಾದ ಬಿಜಾಪುರದ ಸೂಫಿಗಳ ಕುರಿತ ತಮ್ಮ ಗ್ರಂಥದಲ್ಲಿ ಈ ಹಾಡುಗಳತ್ತ ವಿದ್ವಾಂಸರ ಗಮನ ಸೆಳೆದರು. ದಖ್ಖನ್ನಿನ ಸಾಮಾನ್ಯ ಮನೆಗಳೊಳಗೆ ಇಸ್ಲಾಮಿನ ಸರಳ ತಿಳಿವಳಿಕೆ ಹರಡಲು ಅರಮನೆಗಿಂತಲೂ ಬೀಸುಕಲ್ಲು ಹೆಚ್ಚು ನೆರವಾಯಿತೆಂಬುದು ಅವರ ವಾದದ ಸಾರ.

ಗೋಲಗುಂಬಜ್ ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ಮುಹಮ್ಮದ್ ಆದಿಲ್ ಶಾಹನ ಆ ಸಮಾಧಿಯ ಪಿಸುಗುಟ್ಟುವ ಮೊಗಸಾಲೆಯಲ್ಲಿ ಕೂಗು ಹಾಕಿ, ಮರುದನಿ ಎಣಿಸಿ ಇಳಿದುಹೋಗುತ್ತಾರೆ. ಅದೇ ಕಾಲದಲ್ಲಿ ಇದೇ ಊರಿನ ಓಣಿಗಳಲ್ಲಿ ಹೆಸರಿಲ್ಲದ ಹೆಣ್ಣುಮಕ್ಕಳು ನಸುಕಿನಲ್ಲಿ ಬೀಸುತ್ತ ಮಾಡಿದ ಸ್ಮರಣೆಗೆ ಯಾವ ಫಲಕವೂ ಇಲ್ಲ. ನಮ್ಮ ದೃಷ್ಟಿಯಲ್ಲಿ ಇದು ಗುಂಬಜಿಗಿಂತ ಚಿಕ್ಕ ಸಂಪತ್ತಲ್ಲ.

ಈ ಚಕ್ಕೀನಾಮಾಗಳ ಹಿಂದೆ ಇನ್ನೂ ಹಳೆಯದೊಂದು ಬೀಸುಕಲ್ಲು ನಮಗೆ ಕಾಣುತ್ತದೆ. ಅದು ಮದೀನಾದ್ದು. ಪ್ರವಾದಿಪುತ್ರಿ ಹಝ್ರತ್ ಫಾತಿಮಾ(ರ) ಅವರ ಕೈಗಳು ಬೀಸಿ ಬೀಸಿ ನೋಯುತ್ತಿದ್ದವು. ಮನೆಗೆಲಸಕ್ಕೆ ಒಬ್ಬ ಸೇವಕರನ್ನು ಕೇಳಲು ತಂದೆಯ ಬಳಿಗೆ ಹೋದರು. ತಂದೆ ಸಿಗದೆ ಹಝ್ರತ್ ಆಯಿಶಾ(ರ) ಅವರಲ್ಲಿ ವಿಷಯ ತಿಳಿಸಿ ಮರಳಿದರು. ರಾತ್ರಿ ದಂಪತಿಗಳು ಮಲಗಿದ ಮೇಲೆ ಪ್ರವಾದಿವರ್ಯರು(ಸ) ತಾವೇ ಬಂದರು. ಏಳಲು ಹೊರಟವರನ್ನು ಹಾಗೆಯೇ ಇರಲು ಹೇಳಿ, ಅವರಿಬ್ಬರ ನಡುವೆ ಕುಳಿತು, ಸೇವಕನಿಗಿಂತ ಉತ್ತಮವಾದುದನ್ನು ಕಲಿಸಿದರು: ಮಲಗುವಾಗ 33 ಸಲ ಸುಬ್‌ಹಾನಲ್ಲಾಹ್, 33 ಸಲ ಅಲ್‌ಹಮ್ದುಲಿಲ್ಲಾಹ್, 34 ಸಲ ಅಲ್ಲಾಹು ಅಕ್ಬರ್. ಹಝ್ರತ್ ಅಲೀ(ರ) ಅವರು ಜೀವನಪೂರ್ತಿ ಇದನ್ನು ಬಿಡಲಿಲ್ಲ. ಸಿಫ್ಫೀನ್ ಯುದ್ಧದ ರಾತ್ರಿಯಲ್ಲೂ ಬಿಡಲಿಲ್ಲ.

ಈ ಹದೀಸನ್ನು ಹೆಣ್ಣುಮಕ್ಕಳಿಗೆ ತಾಳ್ಮೆಯ ಪಾಠ ಹೇಳಲು ಬಳಸುವವರಿದ್ದಾರೆ. 'ಫಾತಿಮಾ(ರ) ಬೀಸಿದರು, ನೀವೂ ಸುಮ್ಮನೆ ದುಡಿಯಿರಿ' ಎಂಬ ಧಾಟಿ ನಮಗೆ ಒಪ್ಪಿಗೆಯಿಲ್ಲ. ಆ ರಾತ್ರಿ ತಸ್ಬೀಹನ್ನು ಕಲಿತವರು ಇಬ್ಬರು, ಪತ್ನಿ ಮತ್ತು ಪತಿ. ದಣಿವನ್ನು ಹೇಳಿಕೊಂಡದ್ದನ್ನು ತಂದೆ ಗದರಲಿಲ್ಲ. ರಾತ್ರಿಯೆಂದು ನೋಡದೆ ನಡೆದು ಬಂದರು. ಮನೆಯ ಹೆಂಗಸಿಗೆ ಝಿಕ್ರ್ ಮಾಡಲು ಹೇಳುವ ಗಂಡಸು ಮೊದಲು ಆಕೆಯ ಕೈಯಿಂದ ಒಂದು ಕೆಲಸವನ್ನು ತೆಗೆದುಕೊಳ್ಳುವುದು ಒಳ್ಳೆಯದು. ಪ್ರವಾದಿವರ್ಯರು(ಸ) ಮನೆಯಲ್ಲಿ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರೆಂದೂ ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರೆಂದೂ ಹಝ್ರತ್ ಆಯಿಶಾ(ರ) ಅವರೇ ತಿಳಿಸಿದ್ದಾರೆ.

ಬಬಲೇಶ್ವರದಲ್ಲಿ ನಮ್ಮ ದಾದಿಮಾ ಇದ್ದರು. ಓದು ಬರಹ ಇರಲಿಲ್ಲ. ಚಿಕ್ಕಂದಿನಲ್ಲಿ ಬೀಸುಕಲ್ಲಿನಲ್ಲಿ ಜೋಳ ಬೀಸಿದವರು. ಊರಿಗೆ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು, ಆದರೆ ಅವರ ತಸ್ಬೀಹ್ ಮೂಲೆ ಸೇರಲಿಲ್ಲ. ಅದು ರೊಟ್ಟಿ ಬಡಿಯುವ ಕೊಣಮಿಗೆಗೆ ಬಂತು. ಅಂಗೈಯಲ್ಲಿ ರೊಟ್ಟಿ ತಿರುಗುವ ಸದ್ದಿನ ಜೊತೆಗೆ ತುಟಿ ಆಡುತ್ತಿತ್ತು. ಒಂದು ರೊಟ್ಟಿ ಹಂಚಿಗೆ ಬೀಳುವಷ್ಟರಲ್ಲಿ ಎಷ್ಟು ಸಲ ಹೇಳುತ್ತೀರೆಂದು ಕೇಳಿದರೆ ಅವರು ನಕ್ಕುಬಿಡುತ್ತಿದ್ದರು: "ಎಣಿಸಾಕ ನನಗ ಬರತೈತೇನ? ಹಿಟ್ಟು ಹೊಟ್ಟಿಗಿ, ಹೆಸರು ಎದಿಗಿ." ಓಣಿಯ ಬೇರೆ ಹೆಂಗಸರು ತಮ್ಮ ಬೀಸುವ ಪದಗಳಲ್ಲಿ ತಮ್ಮ ದೇವರನ್ನು ನೆನೆಯುತ್ತಿದ್ದ ಕಾಲವದು. ದಾದಿಮಾ ಆ ಪದಗಳ ಧಾಟಿಯನ್ನೂ ಬಲ್ಲವರಾಗಿದ್ದರು. ಚಕ್ಕೀನಾಮಾ ಎಂಬ ಶಬ್ದವನ್ನು ಅವರು ಕೇಳಿದ್ದರೋ ಇಲ್ಲವೋ, ಅದರ ಜೀವ ಅವರ ಕೈಯಲ್ಲಿತ್ತು.

ತಫಕ್ಕುರ್‌ನ ಪಾಠವೂ ನಮಗೆ ಅದೇ ಎರೆನೆಲದಲ್ಲಿ ದೊರೆಯಿತು. ಬಬಲೇಶ್ವರದ ಸುತ್ತಲಿನ ಕಪ್ಪು ಮಣ್ಣಿನಲ್ಲಿ ಹಿಂಗಾರಿ ಬಿಳಿಜೋಳವನ್ನು ಮಳೆಗಾಲ ಮುಗಿಯುತ್ತ ಬಂದಾಗ ಬಿತ್ತುತ್ತಾರೆ. ಆಮೇಲೆ ಹೆಚ್ಚು ಮಳೆಯಿಲ್ಲ. ಮಣ್ಣು ತನ್ನೊಳಗೆ ಹಿಡಿದಿಟ್ಟ ತೇವದಿಂದಲೇ ಆಳೆತ್ತರದ ಬೆಳೆ ನಿಲ್ಲುತ್ತದೆ. ಸೂರಃ ಅಲ್ ಗಾಶಿಯಾ ಒಂಟೆ, ಆಕಾಶ, ಪರ್ವತ, ಭೂಮಿಗಳನ್ನು ನೋಡಿ ಯೋಚಿಸಲು ಕರೆಯುತ್ತದೆ. ಅರಬರ ಕಣ್ಣೆದುರು ಇದ್ದದ್ದು ಒಂಟೆ, ನಮ್ಮ ಕಣ್ಣೆದುರು ಇರುವುದು ಜೋಳದ ತೆನೆ. ಡಿಸೆಂಬರಿನ ಬೆಳಗಿನಲ್ಲಿ ಹೊಲದ ಬದುವಿನ ಮೇಲೆ ಮಕ್ಕಳನ್ನು ನಿಲ್ಲಿಸಿ, 'ಈ ಗಿಡಕ್ಕೆ ನೀರು ಎಲ್ಲಿಂದ ಬಂತು ಹೇಳಿರಿ' ಎಂದು ಕೇಳಿ ಸುಮ್ಮನಾದರೆ ಸಾಕು. ಮಾತು ಹೆಚ್ಚಾದರೆ ತಫಕ್ಕುರ್ ಕೆಡುತ್ತದೆ.

ಇಷ್ಟೆಲ್ಲ ಶಾಂತವಾದ ಕಾಲದ ಮಾತಾಯಿತು. ಧ್ಯಾನದ ಬೆಲೆ ತಿಳಿಯುವುದು ಬದುಕು ಅಲ್ಲಾಡಿದಾಗ.

ತಿಕೋಟಾದಲ್ಲಿ ನಮ್ಮ ಮಾಮೂ ಅವರ ದ್ರಾಕ್ಷಿ ತೋಟವಿದೆ. ಆ ಭಾಗದ ದ್ರಾಕ್ಷಿಯ ಬಹುಪಾಲು ಒಣದ್ರಾಕ್ಷಿಯಾಗುತ್ತದೆ. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಸಾಲುಸಾಲಾಗಿ ಹರಡಿ, ಸುಮಾರು ಎರಡು ವಾರ ನೆರಳಿನಲ್ಲಿ ಒಣಗಿಸಬೇಕು. ಕಾಯಿ ಬಲೆಯ ಮೇಲಿರುವ ಆ ದಿನಗಳಲ್ಲಿ ರೈತನ ಕಣ್ಣು ಆಕಾಶದ ಮೇಲೆಯೇ ಇರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಅಕಾಲ ಮಳೆ ಗಾಳಿ ಬಂದರೆ ಒಣಗುತ್ತಿರುವ ಕಾಯಿ ಕಪ್ಪಾಗುತ್ತದೆ, ದರ ಬಿದ್ದುಹೋಗುತ್ತದೆ. ವರ್ಷವಿಡೀ ಹಾಕಿದ ಗೊಬ್ಬರ, ಔಷಧಿ, ಕೂಲಿ, ಸಾಲದ ಕಂತು ಎಲ್ಲವೂ ಆ ಎರಡು ವಾರಗಳ ಮೇಲೆ ನಿಂತಿರುತ್ತವೆ.

ಅಂಥದೊಂದು ವರ್ಷದಲ್ಲಿ ಮಾಮೂ ಅವರ ನಿದ್ದೆ ಹೋಯಿತು. ರಾತ್ರಿ ಮೂರು ಸಲ ಎದ್ದು ಅಂಗಳಕ್ಕೆ ಬಂದು ಮೋಡ ನೋಡುವುದು, ಹಗಲು ಕೂಲಿಯವರ ಮೇಲೆ ರೇಗುವುದು, ಊಟದ ತಾಟನ್ನು ತಳ್ಳಿ ಏಳುವುದು. ಮಾಮಿಯವರು ಯಾರಿಗೂ ಹೇಳಲಾರದೆ ಒಳಗೊಳಗೇ ಅಂಜಿದರು. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಸಾಲದ ಭಾರಕ್ಕೆ ಜೀವ ಕಳೆದುಕೊಂಡ ರೈತರ ಸುದ್ದಿ ಓದಿದವರಿಗೆ ಆ ಅಂಜಿಕೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮಸೀದಿಯ ಹಿರಿಯರೊಬ್ಬರು ಅವರನ್ನು ಫಜ್ರ್ ನಂತರ ಹದಿನೈದು ನಿಮಿಷ ತಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದರು. ಉಪದೇಶವೇನೂ ಇಲ್ಲ. ಇಬ್ಬರೂ ಮೆಲ್ಲಗೆ 'ಹಸ್ಬುನಲ್ಲಾಹು ವ ನಿಅ್ಮಲ್ ವಕೀಲ್' ಹೇಳುತ್ತ ಕೂರುವುದು, ನಂತರ ಒಂದು ಪ್ರಶ್ನೆ: ಇವತ್ತು ನಿಮ್ಮ ಕೈಯಲ್ಲಿರುವ ಕೆಲಸ ಯಾವುದು?

ಮಳೆ ನಿಲ್ಲಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಇಂಥ ಕಥೆಗಳ ಕೊನೆಯಲ್ಲಿ ಮಳೆ ನಿಂತುಬಿಡುವ ರೂಢಿಯಿದೆ. ಎರಡು ರಾತ್ರಿ ಮಳೆ ಹೊಡೆಯಿತು, ಶೆಡ್ಡಿನ ಅಂಚಿನ ಸಾಲುಗಳೆಲ್ಲ ಕೆಟ್ಟವು, ಆ ವರ್ಷ ನಷ್ಟವೇ ಆಯಿತು. ಬದಲಾದದ್ದು ಬೇರೆ. ಮೊದಲ ರಾತ್ರಿ ಗಾಳಿ ಎದ್ದಾಗ ಮಾಮೂ ಅಂಗಳದಲ್ಲಿ ನಿಂತು ಆಕಾಶಕ್ಕೆ ಬಯ್ಯಲಿಲ್ಲ. ಕೂಲಿಯವರನ್ನು ಸಮಾಧಾನದಿಂದ ಕರೆದು ಶೆಡ್ಡಿನ ಎರಡು ಬದಿಗೆ ತಾಡಪತ್ರಿ ಕಟ್ಟಿಸಿದರು. ಒಳಗಿನ ಸಾಲುಗಳು ಉಳಿದವು. "ಮೋಡ ನನ್ನ ಕೈಯಾಗಿಲ್ಲ, ತಾಡಪತ್ರಿ ನನ್ನ ಕೈಯಾಗೈತಿ" ಎಂದು ಅವರು ಆಮೇಲೆ ಹೇಳಿದ ಮಾತು ನಮ್ಮ ಮನೆಗಳಲ್ಲಿ ಗಾದೆಯಾಗಿದೆ. ಒಂಟೆಯನ್ನು ಕಟ್ಟಿ, ನಂತರ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸುವ ತಿರ್ಮಿಝಿಯ ಹದೀಸಿಗೆ ತಿಕೋಟಾದ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ವಿವರಣೆ ನಮಗೆ ಸಿಕ್ಕಿಲ್ಲ. ನಷ್ಟದ ಲೆಕ್ಕ ತೆಗೆದುಕೊಂಡು ಬ್ಯಾಂಕಿಗೆ ಹೋಗಿ ಕಂತಿನ ಮಾತಾಡುವ ಧೈರ್ಯವೂ ಅವರಿಗೆ ಬಂತು. ಅದಕ್ಕೆ ಮೊದಲು ತಿಂಗಳುಗಟ್ಟಲೆ ಅವರು ಬ್ಯಾಂಕಿನ ಹಾದಿಯನ್ನೇ ತಪ್ಪಿಸಿ ನಡೆಯುತ್ತಿದ್ದರು.

ಸೂರಃ ಅರ್ರಅದ್‌ನ 28ನೆಯ ವಚನ ಹೃದಯದ ನೆಮ್ಮದಿಯನ್ನು ಅಲ್ಲಾಹನ ಸ್ಮರಣೆಯೊಂದಿಗೆ ಜೋಡಿಸುತ್ತದೆ. ಅದು ಭರವಸೆ ನೀಡುವುದು ನೆಮ್ಮದಿಯನ್ನು, ದ್ರಾಕ್ಷಿಯ ದರವನ್ನಲ್ಲ. ಈ ಎರಡನ್ನೂ ಬೆರೆಸಿ, ಇಂತಿಷ್ಟು ಸಲ ಇಂಥದ್ದನ್ನು ಹೇಳಿದರೆ ಸಾಲ ತೀರುತ್ತದೆ, ವೀಸಾ ಬರುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳ ಬಗ್ಗೆ ನಮ್ಮ ಕುಟುಂಬಗಳು ಎಚ್ಚರದಿಂದಿರಬೇಕು.

ಧ್ಯಾನದ ದೇಹಾರೋಗ್ಯದ ಲಾಭಗಳನ್ನೂ ಜನ ಕೇಳುತ್ತಾರೆ. ನಿಧಾನವಾದ ಉಸಿರು ಎದೆಬಡಿತವನ್ನು ಶಾಂತಗೊಳಿಸುತ್ತದೆಂಬುದು ವೈದ್ಯರು ಒಪ್ಪಿದ ಮಾತು. ಅಮೆರಿಕದ ಹಾರ್ವರ್ಡ್‌ನ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್ ಅವರು ಒಂದು ಶಬ್ದವನ್ನೋ ಪ್ರಾರ್ಥನೆಯನ್ನೋ ಶಾಂತವಾಗಿ ಪುನರಾವರ್ತಿಸುವಾಗ ದೇಹ ವಿಶ್ರಾಂತ ಸ್ಥಿತಿಗೆ ಇಳಿಯುವುದನ್ನು ಅಧ್ಯಯನ ಮಾಡಿ 1975ರಲ್ಲಿ ಪುಸ್ತಕವನ್ನೇ ಬರೆದರು. ಸಂತೋಷ. ಆದರೆ ರಕ್ತದೊತ್ತಡ ಇಳಿಸಲೆಂದು ಝಿಕ್ರ್ ಮಾಡುವುದು, ನೆರಳಿಗಾಗಿ ಮಾತ್ರ ಮಾವಿನ ಮರ ನೆಟ್ಟಂತೆ. ನೆರಳು ಹೇಗೂ ಬರುತ್ತದೆ. ಹಣ್ಣು ಬೇರೆಯೇ ಇದೆ. ಕೋಪದ ವಿಷಯದಲ್ಲಿ ಮಾತ್ರ ಲಾಭವನ್ನು ಅಂದೇ ಕಾಣಬಹುದು. ಕೋಪ ಬಂದಾಗ ನಿಂತಿದ್ದರೆ ಕುಳಿತುಕೊಳ್ಳಲು, ಹೋಗದಿದ್ದರೆ ಮಲಗಲು ಅಬೂದಾವೂದ್ ವರದಿ ಮಾಡಿದ ಹದೀಸ್ ಕಲಿಸುತ್ತದೆ. ಹರೆಯದ ಮಕ್ಕಳಿರುವ ಮನೆಗಳಲ್ಲಿ ಇದನ್ನು ತಂದೆ ತಾಯಂದಿರು ಮೊದಲು ಆಚರಿಸಿದರೆ ಮನೆಯ ಸದ್ದು ಅರ್ಧಕ್ಕೆ ಇಳಿಯುತ್ತದೆ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಸೇರಿಸದಿದ್ದರೆ ನಾವು ಬರೆದದ್ದೆಲ್ಲ ಯಾರಿಗಾದರೂ ಹಾನಿ ಮಾಡೀತು. ವಾರಗಟ್ಟಲೆ ನಿದ್ದೆ, ಹಸಿವು ಇಲ್ಲದವರು, ಬದುಕೇ ಬೇಡವೆನ್ನುವವರು, ವುಝೂ ಆಯಿತೋ ಇಲ್ಲವೋ ಎಂಬ ಸಂಶಯದಲ್ಲಿ ಗಂಟೆಗಟ್ಟಲೆ ನಲ್ಲಿಯ ಕೆಳಗೆ ಕೈ ತೊಳೆಯುತ್ತಲೇ ಇರುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಅವರಿಗೆ 'ಈಮಾನ್ ಕಡಿಮೆಯಾಗಿದೆ, ಝಿಕ್ರ್ ಹೆಚ್ಚು ಮಾಡು' ಎಂದು ಹೇಳುವುದು ಗಾಯದ ಮೇಲೆ ಕಲ್ಲಿಟ್ಟಂತೆ. ಅದು ಕಾಯಿಲೆ, ಕಾಯಿಲೆಗೆ ಚಿಕಿತ್ಸೆ ಪಡೆಯಲು ಪ್ರವಾದಿವರ್ಯರೇ(ಸ) ಆದೇಶಿಸಿದ್ದಾರೆ. ನಮ್ಮ ಭಾಗಕ್ಕೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆ ಇದೆ. ಮನೆಯಿಂದಲೇ ಮಾತಾಡಬಯಸುವವರು 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಔಷಧಿಯ ಗುಳಿಗೆಯನ್ನು ಬಿಸ್ಮಿಲ್ಲಾಹ್ ಹೇಳಿ ನುಂಗುವುದರಲ್ಲಿ ತವಕ್ಕುಲ್‌ಗೆ ಯಾವ ಕುಂದೂ ಇಲ್ಲ.

ಇನ್ನು ಕೆಲವರ ಅಳಲು ಬೇರೆ ಬಗೆಯದು. ರಮಝಾನಿನಲ್ಲಿ ತುಂಬಿದ ಹೃದಯ ಶವ್ವಾಲ್ ಕಳೆಯುವಷ್ಟರಲ್ಲಿ ಖಾಲಿಯಾಗುತ್ತದೆ. ಮಕ್ಕಳ ಗಲಾಟೆ, ಅಂಗಡಿಯ ವ್ಯವಹಾರದ ನಡುವೆ ಆ ಸವಿ ಉಳಿಯುವುದಿಲ್ಲ ಎಂದು ಕೊರಗುತ್ತಾರೆ. ಇದೇ ಕೊರಗನ್ನು ಹೊತ್ತು ಹಝ್ರತ್ ಹನ್‌ಝಲಾ(ರ) ಅವರು ತಾವು ಕಪಟಿಯಾದೆನೆಂದು ಅಳುತ್ತ ಹೊರಟಿದ್ದರು. ದಾರಿಯಲ್ಲಿ ಸಿಕ್ಕ ಹಝ್ರತ್ ಅಬೂಬಕರ್(ರ) ಅವರೂ ತಮ್ಮ ಸ್ಥಿತಿ ಅದೇ ಎಂದರು. ಇಬ್ಬರೂ ಪ್ರವಾದಿವರ್ಯರ(ಸ) ಬಳಿಗೆ ಹೋದಾಗ ಅವರು ಗದರಲಿಲ್ಲ. ಸದಾ ಅದೇ ಸ್ಥಿತಿಯಲ್ಲಿದ್ದರೆ ಮಲಕ್‌ಗಳು ಹಾಸಿಗೆಯಲ್ಲೂ ಹಾದಿಯಲ್ಲೂ ನಿಮ್ಮ ಕೈ ಕುಲುಕುತ್ತಿದ್ದರು, ಆದರೆ ಒಂದು ಗಳಿಗೆ ಹೀಗೆ, ಒಂದು ಗಳಿಗೆ ಹಾಗೆ ಎಂಬ ಆಶಯದ ಸಮಾಧಾನ ಹೇಳಿ ಕಳಿಸಿದರು. ಮನೆಮಂದಿಯೊಂದಿಗೆ ನಗುವ ಗಳಿಗೆಯನ್ನು ಸ್ಮರಣೆಯ ಶತ್ರುವೆಂದು ಅವರು ಎಣಿಸಲಿಲ್ಲ.

ಹೀಗಾಗಿ ನಮ್ಮ ಮನೆಯಲ್ಲಿ ನಾವು ಹಿಡಿದಿರುವ ಕ್ರಮ ಬಹಳ ಸಣ್ಣದು. ಇಶಾ ನಮಾಝ್ ಮತ್ತು ಊಟ ಮುಗಿದ ಮೇಲೆ ಎಲ್ಲರ ಮೊಬೈಲುಗಳು ಅಡುಗೆಮನೆಯ ರೊಟ್ಟಿ ಬುಟ್ಟಿಗೆ ಹೋಗುತ್ತವೆ. ದಾದಿಮಾ ಅವರದೇ ಬುಟ್ಟಿ. ಅವರು ತೀರಿದ ಮೇಲೆ ಬಬಲೇಶ್ವರದಿಂದ ತಂದದ್ದು. ದೀಪ ಆರಿಸುತ್ತೇವೆ. ಇಡೀ ದಿನದಲ್ಲಿ ಯಾರ ಮನಸ್ಸು ನೋಯಿಸಿದೆವು, ಯಾರ ಕೊಡುವುದು ಬಾಕಿಯಿದೆ ಎಂದು ಒಬ್ಬೊಬ್ಬರೂ ತಮ್ಮೊಳಗೇ ಒಂದು ಗಳಿಗೆ ಲೆಕ್ಕ ನೋಡುತ್ತೇವೆ. ಯಾರೂ ಯಾರಿಗೂ ಅದನ್ನು ಹೇಳಬೇಕಿಲ್ಲ. ಆಮೇಲೆ ಮಲಗಿದಲ್ಲಿಯೇ ಬೀಸುಕಲ್ಲಿನ ಆ ತಸ್ಬೀಹ್, 33, 33, 34. ದೊಡ್ಡವಳು ಬೆರಳಿನ ಗೆಣ್ಣುಗಳ ಮೇಲೆ ತಪ್ಪದೆ ಎಣಿಸುತ್ತಾಳೆ. ಕಿರಿಯವನ ದನಿ ಬಹಳಷ್ಟು ರಾತ್ರಿ ಅಲ್‌ಹಮ್ದುಲಿಲ್ಲಾಹ್‌ನ ನಡುವೆ ಎಲ್ಲೋ ಕ್ಷೀಣಿಸಿ ಉಸಿರಾಗಿಬಿಡುತ್ತದೆ. ನಾವು ಅವನನ್ನು ಎಬ್ಬಿಸುವುದಿಲ್ಲ. ಉಳಿದದ್ದನ್ನು ಅವನ ತಲೆಯ ಮೇಲೆ ಕೈಯಿಟ್ಟು ನಾವೇ ಹೇಳಿ ಮುಗಿಸುತ್ತೇವೆ.